ಮೇಜಿನ ಮೇಲಿನ ಅಕ್ಷೌಹಿಣಿ

ಹೋದ ದಸರೆಯ ರಜೆಯಲ್ಲಿ ನಮ್ಮ ಮನೆಯ ನಡುಮನೆಯಲ್ಲಿ ಒಂದು ಕೋಟೆಯ ಮುತ್ತಿಗೆ ನಡೆಯಿತು. ಮುತ್ತಿದವರು 200 ಮಂದಿ ದೈತ್ಯಭಟರು. ಕೋಟೆಯೊಳಗೆ 200 ಮಂದಿ ಕಾಲಾಳುಗಳು, ಅವರಿಗೆ ಬೆಂಬಲವಾಗಿ ನಾಲ್ವರು ವೀರರು. ಈ ನಾಲ್ವರಲ್ಲಿ ಒಬ್ಬನು ನನ್ನ ಮಗ. ಉಳಿದ ಮೂವರು ಅವನ ಕಾಲೇಜಿನ ಗೆಳೆಯರು. ಐದನೆಯ ಹುಡುಗನು ಕಥೆಯನ್ನು ನಡೆಸುವ ಸೂತ್ರಧಾರ. ಮೇಜಿನ ಮೇಲೆ ಇದ್ದುದೆಂದರೆ ನಾಲ್ಕಾರು ಹಾಳೆ, ಪೆನ್ಸಿಲು, ಬಗೆಬಗೆಯ ಮುಖಗಳುಳ್ಳ ದಾಳಗಳು, ಮತ್ತು ಮನೆಯಾಕೆ ತಂದಿಟ್ಟ ಕೋಡುಬಳೆಯ ತಟ್ಟೆ.

ಈ ಆಟವನ್ನು ಕಾಣದವರಿಗಾಗಿ ಎರಡು ಮಾತು. ಇದರಲ್ಲಿ ಪ್ರತಿಯೊಬ್ಬ ಆಟಗಾರನೂ ಅದ್ಭುತಲೋಕದ ಒಬ್ಬ ವ್ಯಕ್ತಿಯ ಪಾತ್ರವನ್ನು ವಹಿಸುತ್ತಾನೆ. ಒಬ್ಬ ಕತ್ತಿ ಹಿಡಿದ ಭಟ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಹೀಗೆ. ಎದುರಿಗೆ ಮುರಿದ ಸೇತುವೆ ಇದೆ, ಆಚೆಯ ದಡದಲ್ಲಿ ಬೆಳಕು ಕಾಣುತ್ತಿದೆ ಎಂದು ಸೂತ್ರಧಾರನು ಹೇಳುತ್ತಾನೆ. ತಾನೇನು ಮಾಡುವೆನೆಂದು ಆಟಗಾರನು ಹೇಳುತ್ತಾನೆ. ಮಾಡಿದ್ದು ಕೈಗೂಡೀತೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಮೊದಲೇ ಬರೆದಿಟ್ಟ ಮಾತುಗಳಿಲ್ಲದ ಬಾನುಲಿ ನಾಟಕ ಎಂದರೆ ನಮ್ಮ ಕೇಳುಗರಿಗೆ ತಟ್ಟನೆ ತಿಳಿದೀತು. ಕಣ್ಣಿಗೆ ಕಾಣುವಂಥದು ಏನೂ ಇಲ್ಲ. ಎಲ್ಲವೂ ಕಿವಿಯ ಮೂಲಕ ಮನಸ್ಸಿನೊಳಗೆ.

ಸಂಜೆಯವರೆಗೆ ಆಟ ಬಲು ಚೆನ್ನಾಗಿ ನಡೆಯಿತು. ಆರಾಮಕುರ್ಚಿಯಲ್ಲಿ ಪತ್ರಿಕೆ ಹಿಡಿದು ಓದುವ ನೆಪದಲ್ಲಿ ನಾನೂ ಕೇಳುತ್ತಿದ್ದೆ. ಯಾವಾಗ ಕೋಟೆಯ ಮುಂದೆ ಸೈನ್ಯ ಬಂದು ನಿಂತಿತೋ ಆಗಲೇ ಮಾತು ನಿಂತಿತು. ದಾಳ ಉರುಳುವ ಸದ್ದು ಮಾತ್ರ. ಒಬ್ಬ ಹುಡುಗ ಗೋಡೆಗೊರಗಿ ತೂಕಡಿಸುತ್ತಿದ್ದ. “ಏನಾಯ್ತೋ?” ಎಂದು ಕೇಳಿದೆ. “ತಾಳಿ ಅಪ್ಪ, ನಾನೂರು ಜನ ಇದ್ದಾರೆ, ಒಬ್ಬೊಬ್ಬರಿಗೂ ದಾಳ ಹಾಕಬೇಕು” ಎಂದ ಮಗ. ನಾನು ಲೆಕ್ಕ ಹಾಕಿದೆ. ಈ ಆಟದಲ್ಲಿ ಒಂದು ಸುತ್ತು ಎಂದರೆ ಕಥೆಯ ಲೋಕದ ಆರು ಸೆಕೆಂಡು. ಒಬ್ಬೊಬ್ಬನ ಏಟಿಗೆ ಹತ್ತು ಸೆಕೆಂಡು ಹಿಡಿದರೂ 400 ಏಟಿಗೆ ಸುಮಾರು ಒಂದು ಗಂಟೆ ಏಳು ನಿಮಿಷ. ಆರು ಸೆಕೆಂಡಿನ ಕಾಳಗಕ್ಕೆ ಒಂದು ಗಂಟೆಗೂ ಮಿಕ್ಕಿದ ಹೊತ್ತು! ಕಡೆಗೆ ಹುಡುಗರು ಬೇಸತ್ತು, ಉಳಿದವರು ಅಲ್ಲೆಲ್ಲೋ ಹೊಡೆದಾಡುತ್ತಿದ್ದಾರೆ ಎಂದುಕೊಂಡು, ಸೈನ್ಯವನ್ನು ಕೈಬಿಟ್ಟು ತಮ್ಮ ನಾಲ್ವರ ಕಥೆಯನ್ನಷ್ಟೇ ಮುಗಿಸಿದರು.

ನನಗೆ ಇದು ವಿಚಿತ್ರವಾಗಿ ಕಂಡಿತು. ಏಕೆಂದರೆ ಈ ಆಟ ಹುಟ್ಟಿದ್ದೇ ಸೈನ್ಯಗಳ ಆಟದಿಂದ ಎಂದು ಆ ಹುಡುಗರೇ ನನಗೆ ಹೇಳಿದ್ದರು. ಹೆತ್ತ ಮನೆಯ ಭಾಷೆಯೇ ಮಗುವಿಗೆ ಮರೆತುಹೋದದ್ದು ಹೇಗೆ? ಅಂದಿನಿಂದ ಬಿಡುವಾದಾಗಲೆಲ್ಲ ಈ ಚರಿತ್ರೆಯನ್ನು ಹುಡುಕಿ ಓದಿದೆ.

ಮೊದಲ ಎಳೆ ನಮ್ಮ ದೇಶದ್ದೇ. ರಥ, ಆನೆ, ಕುದುರೆ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಗೆ ಚತುರಂಗವೆಂದು ಹೆಸರು. ಆ ಹೆಸರಿನ ಆಟ ಪಾರಸಿಗೆ ಹೋಗಿ, ಅರಬರ ಕೈಸೇರಿ, ಯುರೋಪಿಗೆ ಮುಟ್ಟಿತು. ಅಲ್ಲಿ 1780ರಲ್ಲಿ ಜರ್ಮನ್ ನಾಡಿನ ಬ್ರನ್ಸ್‌ವಿಕ್ ನಗರದ ಹೆಲ್‌ವಿಗ್ ಎಂಬ ಗಣಿತದ ಉಪಾಧ್ಯಾಯನು ಚದುರಂಗವನ್ನು ಹಿಗ್ಗಿಸಿ ಯುದ್ಧದ ಆಟವೊಂದನ್ನು ಪ್ರಕಟಿಸಿದ. 64 ಮನೆಗಳ ಬದಲು 1,617 ಮನೆಗಳು. ಬಣ್ಣದ ಮೇಲೆ ಬೆಟ್ಟ, ಹೊಳೆ, ಜೌಗು ಎಂಬ ವಿಂಗಡಣೆ. ಅರಸು ಮನೆತನದ ಸೇವೆಯಲ್ಲಿದ್ದ ಹುಡುಗರಿಗೆ ಯುದ್ಧವಿದ್ಯೆಯನ್ನು ಕಲಿಸುವುದು ಅವನ ಉದ್ದೇಶ. ಪಾಠವನ್ನು ಆಟ ಮಾಡಬೇಕೆಂಬ ಉಪಾಧ್ಯಾಯರ ಹಂಬಲ ಹಳೆಯದು, ನೋಡಿರಿ.

ಇದನ್ನು ಮುಂದಕ್ಕೆ ಒಯ್ದವರು ಪ್ರಷ್ಯದ ರೈಸ್‌ವಿಟ್ಸ್ ಎಂಬ ತಂದೆ ಮಕ್ಕಳು. ತಂದೆ 1812ರಲ್ಲಿ ಅರಸನ ಮುಂದೆ ಒಂದು ಮೇಜನ್ನು ಇಟ್ಟ. ಅದರ ಮೇಲೆ ನೆಲದ ಏರುತಗ್ಗುಗಳನ್ನು ಜೋಡಿಸಿ ಸೈನ್ಯವನ್ನು ನಡೆಸಬಹುದಾಗಿತ್ತು. ಮಗ ಫಿರಂಗಿದಳದ ಅಧಿಕಾರಿ. ಆತ 1824ರಲ್ಲಿ ಮೇಜನ್ನು ಬಿಟ್ಟು 1:8000 ಪ್ರಮಾಣದ ನಿಜವಾದ ಭೂಪಟವನ್ನೇ ಹಾಸಿದ. ಎರಡು ಪಕ್ಷಗಳ ನಡುವೆ ಒಬ್ಬ ತೀರ್ಪುಗಾರನನ್ನು ಕೂರಿಸಿದ. ಸೇನಾಪತಿಗಳು ತಮ್ಮ ಅಪ್ಪಣೆಯನ್ನು ಅವನಿಗೆ ಹೇಳಬೇಕು; ಯಾರಿಗೆ ಏನು ಕಾಣುತ್ತದೆ, ಯಾರಿಗೆ ಕಾಣುವುದಿಲ್ಲ ಎಂಬುದನ್ನು ಅವನು ಹೇಳಬೇಕು. ಗುಂಡಿನ ಫಲವನ್ನು ದಾಳವೂ ಕೋಷ್ಟಕವೂ ಸೇರಿ ನಿರ್ಣಯಿಸಬೇಕು. ದಂಡಿನ ಮುಖ್ಯಾಧಿಕಾರಿ ಮ್ಯುಫ್ಲಿಂಗ್ ಎಂಬಾತ ಮೊದಲು ತಾತ್ಸಾರದಿಂದ ನೋಡಲು ಕುಳಿತು, ಆಟ ಮುಗಿಯುವ ವೇಳೆಗೆ ಇದು ಆಟವಲ್ಲ, ಯುದ್ಧದ ಪಾಠಶಾಲೆ ಎಂದು ಮೆಚ್ಚಿ ಸೈನ್ಯಕ್ಕೆಲ್ಲ ಶಿಫಾರಸು ಮಾಡಿದನೆಂದು ಪ್ರಸಿದ್ಧಿ. ಮೆಚ್ಚುಗೆ ಬಂದರೂ ಕಿರಿಯ ರೈಸ್‌ವಿಟ್ಸನ ಬಾಳು ಸುಖವಾಗಿ ಮುಗಿಯಲಿಲ್ಲ. 1827ರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ನಮ್ಮ ನಡುಮನೆಯ ಸೂತ್ರಧಾರ ಹುಡುಗನ ಮೂಲಪುರುಷನು ಈ ತೀರ್ಪುಗಾರನೇ ಎಂಬುದನ್ನು ಓದಿದಾಗ ಆ ಅಧಿಕಾರಿಯನ್ನು ನೆನೆದು ಮನಸ್ಸು ಭಾರವಾಯಿತು.

ಮುಂದೆ 1876ರಲ್ಲಿ ವೆರ್ಡಿ ಎಂಬ ಸೇನಾಧಿಕಾರಿಯು ದಾಳ ಕೋಷ್ಟಕಗಳ ಗೊಡವೆಯೇ ಬೇಡ, ಅನುಭವಿಯಾದ ತೀರ್ಪುಗಾರನ ವಿವೇಕವೇ ಸಾಕೆಂದ. ಇಂಗ್ಲೆಂಡಿನಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ತನ್ನ ‘ಲಿಟಲ್ ವಾರ್ಸ್’ ಪುಸ್ತಕದಿಂದ ಈ ವಿದ್ಯೆಯನ್ನು ಸೈನಿಕರ ಕೈಯಿಂದ ಬಿಡಿಸಿ ಮನೆಯ ನೆಲಕ್ಕೆ ಇಳಿಸಿದ. ಅವನಲ್ಲಿ ದಾಳವಿಲ್ಲ, ಆಟಿಕೆಯ ಫಿರಂಗಿಯಿಂದ ಕಡ್ಡಿಯ ತುಂಡನ್ನು ಹಾರಿಸಿ ಗೊಂಬೆಗಳನ್ನು ಉರುಳಿಸಬೇಕು. ಇಂಥ ಪುಟ್ಟ ಯುದ್ಧವನ್ನು ಆಡಿದವನಿಗೆ ದೊಡ್ಡ ಯುದ್ಧದ ಮೂರ್ಖತನ ಅರಿವಾಗುತ್ತದೆ ಎಂಬುದು ಅವನ ಆಶಯ. ಮರುವರ್ಷವೇ ಯುರೋಪಿನ ಮಹಾಯುದ್ಧ ಹೊತ್ತಿಕೊಂಡಿತು.

ಇಲ್ಲಿಯವರೆಗೆ ಎಲ್ಲರ ಕಣ್ಣೂ ಸೈನ್ಯದ ಮೇಲೆಯೇ. ಆಟಗಾರನೆಂದರೆ ಸೇನಾಪತಿ, ಗೊಂಬೆಗೆ ಹೆಸರಿಲ್ಲ. ಈ ಕಣ್ಣು ಹೊರಳಿದ್ದು ಅಮೆರಿಕದ ಮಿನೆಸೋಟ ಪ್ರಾಂತದಲ್ಲಿ, 1969ರಲ್ಲಿ. ಡೇವಿಡ್ ವೆಸ್ಲಿ ಎಂಬ ಯುವಕನು ನೆಪೋಲಿಯನ್ ಕಾಲದ ಕಲ್ಪನೆಯ ಊರೊಂದನ್ನು ಮಾಡಿ ಅದಕ್ಕೆ ಬ್ರೌನ್‌ಸ್ಟೈನ್ ಎಂದು ಹೆಸರಿಟ್ಟ. ಎರಡು ಸೈನ್ಯಗಳು ಊರಿನತ್ತ ಬರುತ್ತಿವೆ. ಆಟಕ್ಕೆ ಜನ ಹೆಚ್ಚಾದ್ದರಿಂದ ಉಳಿದವರಿಗೆಲ್ಲ ಊರೊಳಗಿನ ಒಂದೊಂದು ಪಾತ್ರವನ್ನು ಕೊಟ್ಟ: ಒಬ್ಬ ಪುರಾಧ್ಯಕ್ಷ, ಒಬ್ಬ ಸಾಹುಕಾರ, ಹೀಗೆ. ಆದದ್ದೇನು? ಎಲ್ಲರೂ ತಮ್ಮ ತಮ್ಮ ಒಳಸಂಚುಗಳಲ್ಲಿ ಮುಳುಗಿದರು, ಜಗಳಾಡಿದರು, ದ್ವಂದ್ವಯುದ್ಧಕ್ಕೂ ನಿಂತರು. ಸೈನ್ಯಗಳು ಕಾದಾಡಲೇ ಇಲ್ಲ. ಆಟ ಕೆಟ್ಟಿತೆಂದು ವೆಸ್ಲಿ ತಲೆಯ ಮೇಲೆ ಕೈಯಿಟ್ಟುಕೊಂಡರೆ, ಆಟಗಾರರು ಇನ್ನೊಮ್ಮೆ ಆಡೋಣವೆಂದು ದುಂಬಾಲುಬಿದ್ದರು. ಮನುಷ್ಯನಿಗೆ ತನ್ನದೆಂಬ ಒಂದು ಹೆಸರು ದೊರೆತ ಕೂಡಲೇ ಸೈನ್ಯ ಊರ ಹೊರಗೆ ಕಾಯಬೇಕಾಯಿತು. ನಮ್ಮ ನಡುಮನೆಯಲ್ಲಿ ನಡೆದದ್ದೂ ಬೇರೇನಲ್ಲ.

ಅದೇ ಕಾಲದಲ್ಲಿ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬಾತ ಜೆಫ್ ಪೆರೆನ್ ಎಂಬ ಗೆಳೆಯನೊಡನೆ ಮಧ್ಯಯುಗದ ಯುದ್ಧಗಳಿಗೆ ನಿಯಮಗಳನ್ನು ಬರೆಯುತ್ತಿದ್ದ. ವಿಮಾ ಸಂಸ್ಥೆಯ ಕೆಲಸ ಹೋಗಿ, ಮನೆಯಲ್ಲೇ ಬೂಟು ರಿಪೇರಿ ಮಾಡಿ ಸಂಸಾರ ಸಾಗಿಸಿದವನು ಈತ. 1971ರಲ್ಲಿ ಅಚ್ಚಾದ ಆ ಕಿರುಪುಸ್ತಕದ ಹೆಸರು ‘ಚೇನ್‌ಮೇಲ್’, ಎಂದರೆ ಸರಪಳಿಯ ಕವಚ. ಅದರಲ್ಲಿ ಒಂದು ಗೊಂಬೆ ಎಂದರೆ 20 ಮಂದಿ ಸೈನಿಕರು.

ನಮ್ಮ ಹಿರಿಯರಿಗೂ ಇಂಥದೊಂದು ಮಾನವಿತ್ತು. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದರೆ ಒಂದು ಪತ್ತಿ. ಮೂರು ಪತ್ತಿಗೆ ಸೇನಾಮುಖ, ಮೂರು ಸೇನಾಮುಖಕ್ಕೆ ಗುಲ್ಮ, ಹೀಗೆ ಮೂರುಮೂರರಂತೆ ಗಣ, ವಾಹಿನಿ, ಪೃತನಾ, ಚಮೂಗಳನ್ನು ದಾಟಿ ಅನೀಕಿನಿಗೆ ಬಂದು, ಹತ್ತು ಅನೀಕಿನಿಗೆ ಒಂದು ಅಕ್ಷೌಹಿಣಿ. ಹುಡುಗರಿಂದ ಬಾಯಿಪಾಠ ಮಾಡಿಸಿದರೆ ಕೊನೆಯ ಅಂಕಿ 2,18,700 ಬರುತ್ತದೆ. ಹದಿನೆಂಟು ಅಕ್ಷೌಹಿಣಿಗೆ 39,36,600. ಗೈಗ್ಯಾಕ್ಸನ ಮಾನದಲ್ಲಿ ಆ ಸಂಖ್ಯೆಗೆ ಸುಮಾರು ಎರಡು ಲಕ್ಷ ಗೊಂಬೆ ಬೇಕಾದೀತು. ಇದು ತಮಾಷೆಗೆ ಹೇಳಿದ ಮಾತು. ಸೈನ್ಯವನ್ನು ಗುಂಪುಗೂಡಿಸಿ ಎಣಿಸುವುದು ಎಲ್ಲರಿಗೂ ಸುಲಭ. ತೊಡಕು ಬರುವುದು ಆ ಗುಂಪಿನ ನಡುವೆ ಒಬ್ಬ ಅರ್ಜುನ ಬಂದು ನಿಂತಾಗ.

ಗೈಗ್ಯಾಕ್ಸ್ ಈ ತೊಡಕಿಗೆ ಕೈಹಾಕಿದ. ಪುಸ್ತಕದ ಕೊನೆಗೆ ಅವನು ಅದ್ಭುತಲೋಕದ ಕಾಳಗಗಳಿಗೆಂದು ಒಂದು ಅನುಬಂಧವನ್ನು ಸೇರಿಸಿದ್ದ. ಅದರಲ್ಲಿ ಮಾಂತ್ರಿಕನು ಎಸೆಯುವ ಬೆಂಕಿಯ ಉಂಡೆಗೆ ದೊಡ್ಡ ಕವಣೆಯಂತ್ರದ ಅಳತೆ. ಅವನ ಸಿಡಿಲಿಗೆ ಫಿರಂಗಿಯ ಅಳತೆ. ಆಗ್ನೇಯಾಸ್ತ್ರವನ್ನು ತೂಕಕ್ಕಿಟ್ಟಂತೆ! ಇನ್ನು ವೀರನಿಗೋ? ಒಬ್ಬ ವೀರನು ನಾಲ್ಕು ಮಂದಿಗೆ ಸಮ. ಅವನಿಗಿಂತ ಮೇಲಿನ ಮಹಾವೀರನು ಎಂಟು ಮಂದಿಗೆ ಸಮ.

ಇದನ್ನು ಓದಿದಾಗ ಕನ್ನಡ ಪಂಡಿತನಾದ ನನಗೆ ನೆನಪಾದದ್ದು ಉದ್ಯೋಗಪರ್ವ. ಯುದ್ಧಕ್ಕೆ ಮೊದಲು ದುರ್ಯೋಧನನ ಸಭೆಯಲ್ಲಿ ಭೀಷ್ಮನು ಎರಡು ಪಕ್ಷಗಳ ವೀರರನ್ನೂ ಎಣಿಸುತ್ತಾನೆ: ಇವನು ರಥ, ಇವನು ಅತಿರಥ, ಇವನು ಮಹಾರಥ. ಮಹಾರಥನೆಂದರೆ ಹತ್ತು ಸಾವಿರ ಬಿಲ್ಲಾಳುಗಳೊಡನೆ ಒಬ್ಬನೇ ಕಾದಬಲ್ಲವನು ಎಂದು ಲಕ್ಷಣ. ಎಣಿಸುತ್ತ ಕರ್ಣನ ಬಳಿಗೆ ಬಂದು, ಇವನು ಅರ್ಧರಥ ಎಂದುಬಿಡುತ್ತಾನೆ. ಕರ್ಣನು ಸಿಟ್ಟಾಗಿ, ಭೀಷ್ಮನು ಬೀಳುವವರೆಗೆ ತಾನು ಕಾದುವುದಿಲ್ಲವೆಂದು ಪಣತೊಡುತ್ತಾನೆ. ಹತ್ತು ದಿನ ಕೌರವಸೈನ್ಯಕ್ಕೆ ಕರ್ಣನಿಲ್ಲ. ವೀರನಿಗೆ ಅಂಕಿ ಕಟ್ಟುವುದು ಎಂಥ ಅಪಾಯದ ಕೆಲಸವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮಿನೆಸೋಟದ ಆಟಗಾರರಿಗೂ ಇದೇ ಅನುಭವವಾಯಿತು. ವೆಸ್ಲಿಯ ಗೆಳೆಯ ಡೇವ್ ಆರ್ನಸನ್ ಬ್ಲ್ಯಾಕ್‌ಮೂರ್ ಎಂಬ ಕೋಟೆಯ ಕಥೆಯನ್ನು ನಡೆಸುತ್ತಿದ್ದ. ಚೇನ್‌ಮೇಲಿನ ಅನುಬಂಧದ ಪ್ರಕಾರ ವೀರನಿಗೂ ಘೋರಪ್ರಾಣಿಗೂ ನಡೆಯುವ ಕಾಳಗ ಎರಡು ದಾಳದ ಒಂದೇ ಎಸೆತಕ್ಕೆ ಮುಗಿದುಹೋಗಬಹುದು. ವಾರಗಟ್ಟಲೆ ಸಾಕಿದ ಪಾತ್ರ ಒಂದು ಎಸೆತಕ್ಕೆ ಸತ್ತರೆ ಯಾರು ಒಪ್ಪುತ್ತಾರೆ? ಆರ್ನಸನ್ ತನ್ನ ಬಳಿ ಇದ್ದ ಕಬ್ಬಿಣದ ಯುದ್ಧನೌಕೆಗಳ ಆಟದಿಂದ ಒಂದು ಉಪಾಯವನ್ನು ತಂದ. ಹಡಗು ಒಂದು ಗುಂಡಿಗೆ ಮುಳುಗುವುದಿಲ್ಲ. ಇಷ್ಟು ಏಟು ತಿಂದ ಮೇಲೆ ಮುಳುಗುತ್ತದೆ. ಹಾಗೆಯೇ ಮನುಷ್ಯನಿಗೂ ತಾಳುವ ಏಟಿನ ಲೆಕ್ಕ ಇರಲಿ ಎಂದ. ಹಡಗಿನ ಆಯುಸ್ಸು ಮನುಷ್ಯನಿಗೆ ಬಂತು. 1972ರ ಕೊನೆಯಲ್ಲಿ ಆತ ಲೇಕ್ ಜಿನೀವಕ್ಕೆ ಹೋಗಿ ಗೈಗ್ಯಾಕ್ಸನಿಗೆ ಈ ಆಟವನ್ನು ತೋರಿಸಿದ. ಇಬ್ಬರ ಹೆಸರಿನಲ್ಲಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂತು: ಮೂರು ಸಣ್ಣ ಪುಸ್ತಕ, ಒಂದು ಪೆಟ್ಟಿಗೆ, ಮೊದಲ ಮುದ್ರಣ 1,000 ಪ್ರತಿ. ನಾಲ್ಕನೆಯ ಮೆಟ್ಟಿಲೇರಿದ ಭಟನಿಗೆ ಅದರಲ್ಲಿ ವೀರನೆಂದೂ ಎಂಟನೆಯದಕ್ಕೆ ಏರಿದವನಿಗೆ ಮಹಾವೀರನೆಂದೂ ಬಿರುದು. ಹಳೆಯ ನಾಲ್ಕು, ಎಂಟರ ಗುರುತು ಹಾಗೆ ಉಳಿಯಿತು.

ಇಲ್ಲಿಂದ ದಾರಿ ಎರಡಾಯಿತು. ಒಬ್ಬೊಬ್ಬನ ಏಟಿಗೂ ಒಂದು ದಾಳ, ತಗುಲಿದರೆ ಗಾಯವೆಷ್ಟೆಂದು ಇನ್ನೊಂದು ದಾಳ ಎಂಬ ಕ್ರಮ ಬೇರೂರಿದ ಮೇಲೆ ಸೈನ್ಯದ ಮಾತೆತ್ತುವುದೇ ಕಷ್ಟವಾಯಿತು. ಆಟ ಸೂಕ್ಷ್ಮವಾದಷ್ಟೂ ಸೇನೆ ಭಾರವಾಯಿತು.

ಗೈಗ್ಯಾಕ್ಸನೇ 1976ರಲ್ಲಿ ‘ಸ್ವೋರ್ಡ್ಸ್ ಅಂಡ್ ಸ್ಪೆಲ್ಸ್’ ಎಂಬ ಪುಸ್ತಕದಲ್ಲಿ ಒಂದು ಪರಿಹಾರ ಹೇಳಿದ. ಒಂದು ಗೊಂಬೆಗೆ 10 ಮಂದಿ; ಸೈನ್ಯಗಳ ಹೊಡೆದಾಟಕ್ಕೆ ದಾಳವೇ ಬೇಡ, ಸರಾಸರಿ ನಷ್ಟವನ್ನು ಕೋಷ್ಟಕದಲ್ಲಿ ನೋಡಿ ಕಳೆದುಬಿಡಿ. ಗಣಿತಕ್ಕೆ ಇದು ಸರಿ. ಬಹಳ ಜನ ಹೊಡೆದಾಡುವಾಗ ಅದೃಷ್ಟ ದುರದೃಷ್ಟಗಳು ಒಂದನ್ನೊಂದು ತಿಂದುಹಾಕಿ ಸರಾಸರಿಯೇ ಉಳಿಯುತ್ತದೆ. ಇದೇ ಉಪಾಯ 2014ರ ಸೂತ್ರಧಾರರ ಪುಸ್ತಕದಲ್ಲಿಯೂ ಮರಳಿ ಬಂದಿದೆ: ಇಪ್ಪತ್ತು ಮುಖದ ದಾಳದಲ್ಲಿ 14 ಬಿದ್ದರೆ ಏಟು ತಗುಲುವುದಾದರೆ ಮೂವರಲ್ಲಿ ಒಬ್ಬನ ಏಟು ತಗುಲಿತೆಂದು ಹಿಡಿಯಿರಿ, 20ಕ್ಕೇ ತಗುಲುವುದಾದರೆ ಇಪ್ಪತ್ತರಲ್ಲಿ ಒಬ್ಬನದು. ಆದರೆ ಯೋಚಿಸಿ ನೋಡಿರಿ. ಇನ್ನೂರು ಬಿಲ್ಲಾಳುಗಳ ಮುಂದೆ ಕೋಟೆಯ ಬಾಗಿಲಲ್ಲಿ ಒಬ್ಬನೇ ನಿಂತ ಭಟನಿಗೆ ಪ್ರತಿ ಸುತ್ತಿಗೂ ಹತ್ತು ಬಾಣ ತಪ್ಪದೆ ನಾಟುತ್ತದೆ. ಒಂಬತ್ತೂ ಇಲ್ಲ, ಹನ್ನೊಂದೂ ಇಲ್ಲ. ಕಥೆಯ ಪ್ರಾಣವಾದ ‘ಏನಾದೀತೋ’ ಎಂಬುದು ಅಲ್ಲಿ ಹೋಯಿತು.

1984ರಲ್ಲಿ ಇದೇ ಆಟದ ಇನ್ನೊಂದು ಪೆಟ್ಟಿಗೆಯಲ್ಲಿ ‘ವಾರ್ ಮೆಷಿನ್’ ಎಂಬ ಕ್ರಮ ಬಂತು. ಇಡೀ ಸೈನ್ಯದ ನಾಯಕತ್ವ, ಅನುಭವ, ತರಬೇತಿ, ಆಯುಧ ಎಲ್ಲವನ್ನೂ ಒಂದೇ ಅಂಕಿಗೆ ಇಳಿಸಿ, ಎರಡು ಪಕ್ಷದವರೂ ನೂರರ ದಾಳವನ್ನು ಒಮ್ಮೆ ಹಾಕಿ, ಅಂತರವನ್ನು ನೋಡಿದರೆ ಯುದ್ಧ ಮುಗಿಯಿತು. ರಾಜ್ಯವಾಳುವ ಆಟಗಾರನಿಗೆ ಅನುಕೂಲ. ಆದರೆ ಅದು ಯುದ್ಧವೋ ಯುದ್ಧದ ವರದಿಯೋ ಹೇಳುವುದು ಕಷ್ಟ. ಮರುವರ್ಷ ಡಗ್ಲಸ್ ನೈಲ್ಸ್ ರಚಿಸಿದ ‘ಬ್ಯಾಟಲ್‌ಸಿಸ್ಟಂ’ ಇದಕ್ಕೆ ತದ್ವಿರುದ್ಧ. ಹತ್ತು ಮಂದಿಗೊಂದು ಗೊಂಬೆ, ವೀರರಿಗೆ ಬೇರೆ ಗೊಂಬೆ, ಮೇಜಿನ ತುಂಬ ಸೈನ್ಯ. ಅದೇ ವರ್ಷದ ‘ಬ್ಲಡ್‌ಸ್ಟೋನ್ ಪಾಸ್’ ಎಂಬ ಕಥೆ ಈ ನಿಯಮಗಳಿಗೆಂದೇ ಬರೆದದ್ದು. ದರೋಡೆಕೋರರ ದಂಡು ಏರಿಬರಲಿರುವ ಬಡ ಹಳ್ಳಿಯೊಂದನ್ನು ವೀರರು ಕಾಯಬೇಕು. ಕಥಾವಸ್ತು ಸೊಗಸು. ಆದರೆ ಆಡುವವರು ಮಾತು ಬಿಟ್ಟು ಅಳತೆಪಟ್ಟಿ ಹಿಡಿಯಬೇಕು. ನಾಟಕದ ನಡುವೆ ತೆರೆಯೆಳೆದು ಚದುರಂಗಕ್ಕೆ ಕುಳಿತಂತೆ.

ನನಗೆ ಹೆಚ್ಚು ಹಿಡಿಸಿದ್ದು ಗ್ರೆಗ್ ಸ್ಟಾಫರ್ಡ್ ಎಂಬಾತನು 1985ರಲ್ಲಿ ಆರ್ಥರ್ ಅರಸನ ಕಥೆಗಳಿಗಾಗಿ ಮಾಡಿದ ‘ಪೆಂಡ್ರಾಗನ್’. ಅದರಲ್ಲಿ ಸೇನಾಪತಿಯ ಯುದ್ಧಕೌಶಲಕ್ಕೆ ಒಂದು ದಾಳ. ಆಮೇಲೆ ಆಟಗಾರನ ಕುದುರೆಯ ಮುಂದೆ ಯಾರು ಬಂದರು, ಅವನನ್ನು ಏನು ಮಾಡಿದೆ, ಮುಂದಿನ ಸುತ್ತಿಗೆ ಇನ್ನಾರು ಬಂದರು ಎಂಬುದಷ್ಟೇ ಕಥೆ. ಸೈನ್ಯವು ಅವನ ಸುತ್ತಲಿನ ಧೂಳು ಮತ್ತು ಗದ್ದಲ. ನಮ್ಮ ರನ್ನನೂ ಗದಾಯುದ್ಧದಲ್ಲಿ ಇದನ್ನೇ ಮಾಡಿದ. ಹದಿನೆಂಟು ಅಕ್ಷೌಹಿಣಿ ಸತ್ತು ಮುಗಿದ ಮೇಲೆ ಇಬ್ಬರು ಗದೆ ಹಿಡಿದು ನಿಲ್ಲುವಲ್ಲಿ ಭಾರತವನ್ನೆಲ್ಲ ಹಿಂದಿರುಗಿ ನೋಡಿದ. ಆದರೂ ಒಂದು ಆಕ್ಷೇಪವುಂಟು, ಅದನ್ನು ನನ್ನ ಮಗನೇ ಎತ್ತಿದ. “ನಾನು ಎಷ್ಟು ಹೊಡೆದಾಡಿದರೂ ಯುದ್ಧದ ಸೋಲು ಗೆಲುವು ಸೇನಾಪತಿಯ ದಾಳದಲ್ಲೇ ಇದ್ದರೆ, ನಾನು ಅಲ್ಲಿ ಯಾಕೆ ಇರಬೇಕು ಅಪ್ಪ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಹಳೆಯ ಚೇನ್‌ಮೇಲಿನಲ್ಲೇ. ವೀರನು ನಾಲ್ವರಿಗೆ ಸಮ ಎಂಬ ಮಾತಿನ ಬಳಿಯಲ್ಲೇ ಇನ್ನೊಂದು ಸಣ್ಣ ನಿಯಮವಿದೆ. ಸೈನ್ಯ ನಷ್ಟಕ್ಕೆ ಬೆದರಿ ಓಡುವುದೋ ನಿಲ್ಲುವುದೋ ಎಂದು ಆಗಾಗ ಪರೀಕ್ಷಿಸಬೇಕಷ್ಟೆ. ವೀರನಿಗೆ ಆ ಪರೀಕ್ಷೆ ಇಲ್ಲ, ಅವನು ಬೆದರುವುದಿಲ್ಲ. ಅಷ್ಟೇ ಅಲ್ಲ, ಅವನು ಯಾವ ತಂಡದೊಡನೆ ನಿಂತಿರುವನೋ ಆ ತಂಡದ ದಾಳಕ್ಕೆ ಒಂದು ಹೆಚ್ಚು. ಒಂದು ಮಾತ್ರ. ಇಡೀ ಅನುಬಂಧದಲ್ಲಿ ನಾಲ್ಕು, ಎಂಟರ ಲೆಕ್ಕವನ್ನು ಎಲ್ಲರೂ ನೆನಪಿಟ್ಟರು. ಈ ಒಂದನ್ನು ನೆನಪಿಟ್ಟವರು ಕಡಿಮೆ. ನಾಲ್ವರಿಗೆ ಸಮನಾದವನು ಎರಡು ಲಕ್ಷದ ಸೈನ್ಯದಲ್ಲಿ ಯಾವ ಲೆಕ್ಕಕ್ಕೂ ಬಾರದವನು. ಆದರೆ ಭೀಷ್ಮನು ಬಿದ್ದಾಗ, ದ್ರೋಣನು ಬಿದ್ದಾಗ ಕೌರವಸೈನ್ಯ ದಿಕ್ಕುಗೆಟ್ಟು ಓಡಿದ್ದು ಬಾಣದ ಲೆಕ್ಕದಲ್ಲಿ ಒಬ್ಬ ಬಿಲ್ಲಾಳು ಕಡಿಮೆಯಾದನೆಂದಲ್ಲ. ಆಸರೆ ಹೋಯಿತೆಂದು.

ಕ್ರಿಸ್‌ಮಸ್ ರಜೆಗೆ ಹುಡುಗರು ಮತ್ತೆ ಬಂದಾಗ ಈ ಮಾತನ್ನು ಹೇಳಿದೆ. ಅವರು ಇಪ್ಪತ್ತಿಪ್ಪತ್ತು ಮಂದಿಯ ಹತ್ತು ತಂಡಗಳಾಗಿ ಒಂದೊಂದು ಸೈನ್ಯವನ್ನೂ ಒಡೆದು, ತಂಡಕ್ಕೊಂದು ದಾಳ ಹಾಕಿದರು. ಗೊಂಬೆಗಳಿರಲಿಲ್ಲವಾಗಿ ಮನೆಯಾಕೆಯ ಡಬ್ಬಿಯಿಂದ ಅವರೆಕಾಳನ್ನೂ ಕಡಲೆಕಾಳನ್ನೂ ತಂದಿಟ್ಟುಕೊಂಡರು. ವೀರನು ಯಾವ ತಂಡದ ಬಳಿ ನಿಲ್ಲುವನೆಂದು ಹೇಳಿದರೆ ಅದಕ್ಕೆ ಒಂದು ಹೆಚ್ಚು. ನಿಂತವನ ಮುಂದೆ ಯಾರು ಬಂದರೆಂಬುದು ಎಂದಿನಂತೆ ಮಾತಿನಲ್ಲಿ. ಈ ಸಲ ಯಾರೂ ತೂಕಡಿಸಲಿಲ್ಲ. ಎಲ್ಲಿ ನಿಲ್ಲಬೇಕೆಂಬ ಬಗ್ಗೆಯೇ ಬಹಳ ಹೊತ್ತು ಚರ್ಚೆಯಾಯಿತು. ನನ್ನ ಮಗನು ಎಲ್ಲಕ್ಕಿಂತ ದುರ್ಬಲವಾಗಿದ್ದ ಉತ್ತರದ ಬಾಗಿಲಿನ ತಂಡವನ್ನು ಆರಿಸಿಕೊಂಡ.

ಊಟದ ವೇಳೆಗೆ ಮುಗಿಯಿತು. ಕೋಟೆ ಉಳಿಯಿತು, ಉಗ್ರಾಣ ಸುಟ್ಟುಹೋಯಿತು. ಎರಡು ವರ್ಷದಿಂದ ನನ್ನ ಮಗ ಆಡಿಸಿಕೊಂಡು ಬಂದಿದ್ದ ಭಟ ಬಾಗಿಲಲ್ಲೇ ಸತ್ತ. ಅವನು ಬಿದ್ದ ಮೇಲೂ ಆ ತಂಡ ಒಂದು ಸುತ್ತು ನಿಂತಿತ್ತು, ಅಷ್ಟರಲ್ಲಿ ನೆರವು ಬಂತು ಎಂದು ಹೇಳಿ ಸೂತ್ರಧಾರ ಹುಡುಗನು ಅವರೆಕಾಳನ್ನು ಡಬ್ಬಿಗೆ ತುಂಬಿದ.